ಲತೇಶನ ಪಕ್ಕದ ಸೀಟು

ಶರ್ಮಿಳಾಗೆ ಗಂಡ ಸಿಕ್ಕಿದ್ದು ಕಾರಿನಲ್ಲಿ. ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದಾಗ, ಜ್ವರ ಬಂದು ಮಲಗಿದ್ದ ಗೆಳತಿಯ ಬದಲಿಗೆ ಒಂದು ಭಾನುವಾರದ ರ‍್ಯಾಲಿಯಲ್ಲಿ ನ್ಯಾವಿಗೇಟರ್ ಆಗಿ ಕೂತಳು. ಸ್ಟಿಯರಿಂಗ್ ಹಿಡಿದಿದ್ದವನು ಕಾಪುವಿನ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ ಲತೇಶ್. ಆ ದಿನ ಗೆಲ್ಲಲಿಲ್ಲ, ಆದರೆ ಒಂದು ತಿರುವೂ ತಪ್ಪಲಿಲ್ಲ. ಆಮೇಲೆ ಕರಾವಳಿಯಲ್ಲಿ ಎಲ್ಲಿ ರ‍್ಯಾಲಿ ನಡೆದರೂ ಅದೇ ಬಿಳಿ ಎಸ್ಟೀಮ್ ಕಾರಿನಲ್ಲಿ ಇವರಿಬ್ಬರೇ. ಕಪ್‌ಗಳು ಬಂದವು, ಹಿಂದೆಯೇ ಮದುವೆಯೂ ಆಯಿತು.

ನ್ಯಾವಿಗೇಟರ್ ಗಾಡಿ ಓಡಿಸುವುದಿಲ್ಲ. ಪಕ್ಕದಲ್ಲಿ ಕೂತು, ತೊಡೆಯ ಮೇಲೆ ದಾರಿಯ ವಿವರವಿರುವ ರೋಡ್‌ಬುಕ್ ಇಟ್ಟುಕೊಂಡು, ಮುಂದೆ ಯಾವ ತಿರುವು, ಎಲ್ಲಿ ಹಳ್ಳ, ಯಾವ ನಿಲ್ದಾಣವನ್ನು ಯಾವ ನಿಮಿಷಕ್ಕೆ ಮುಟ್ಟಬೇಕು ಎಂದು ಹೇಳುತ್ತಾ ಹೋಗಬೇಕು. ಧೂಳಿನಲ್ಲಿ ಓಡಿಸುವವನಿಗೆ ದಾರಿ ಕಾಣುವುದು ಕಿವಿಯಿಂದ. ಶರ್ಮಿಳಾ ತುಳುವಿನಲ್ಲೇ ಕೂಗುತ್ತಿದ್ದಳು. ‘ದತ್ತ್’ ಎಂದರೆ ಎಡಕ್ಕೆ, ‘ಬಲತ್’ ಎಂದರೆ ಬಲಕ್ಕೆ. ದೊಡ್ಡ ಅಪಾಯವಿದ್ದರೆ ‘ಅಪ್ಪೇ’ ಎಂದು ತಾಯಿಯನ್ನು ಕರೆಯುತ್ತಿದ್ದಳು. ಮೊದಲ ಸಲ ಹೆದರಿಕೆಯಿಂದ ಬಂದ ಮಾತು, ಆಮೇಲೆ ಅದೇ ಇಬ್ಬರ ಸಂಕೇತವಾಯಿತು.

ದುಬೈಗೆ ಬಂದ ಮೇಲೆ ಇದೆಲ್ಲ ನಿಂತಿತು. ಲತೇಶನಿಗೆ ರಾಸ್ ಅಲ್ ಖೋರ್‌ನಲ್ಲಿ ಎಲ್ಲರೂ ‘ಉಮ್ಮರಬ್ಬಾಕ’ ಎಂದು ಕರೆಯುವ ಉಮ್ಮರಬ್ಬರ ಗ್ಯಾರೇಜಿನಲ್ಲಿ ಕೆಲಸ, ಶರ್ಮಿಳಾಗೆ ಅಲ್ ಮುರಕ್ಕಬಾತ್‌ನ ಶಿಪ್ಪಿಂಗ್ ಆಫೀಸಿನಲ್ಲಿ. ಮನೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ನೆಟ್ಟಗಿನ ಹೈವೇಗಳ ಊರಿನಲ್ಲಿ ಗಂಡನಿಗೆ ದಾರಿ ಹೇಳುವ ಅಗತ್ಯವೇ ಇರಲಿಲ್ಲ, ಫೋನೇ ಹೇಳುತ್ತಿತ್ತು.

೨೦೧೩ರ ಚಳಿಗಾಲದಲ್ಲಿ ಒಂದು ಕಾರ್ ಕ್ಲಬ್ಬು ಮೊದಲ ಸಲ ಅಂತಾರಾಷ್ಟ್ರೀಯ ರ‍್ಯಾಲಿ ನಡೆಸುತ್ತೇವೆಂದು ಪ್ರಕಟಿಸಿತು. ಡಾಂಬರು, ಜಲ್ಲಿ, ಮರಳು, ಉಪ್ಪುನೆಲ ಎಲ್ಲವೂ ಇರುವ ದಾರಿ. ಹೊರಡುವುದು ದುಬೈಯಿಂದ, ಮುಗಿಯುವುದು ಅಬುಧಾಬಿಯ ಸ್ವೈಹಾನ್ ಕಡೆ. ಆ ವಾರ ಒಂದು ಸಂಜೆ ಶರ್ಮಿಳಾ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಲತೇಶ್ ಚಹಾ ಮಾಡಿಟ್ಟಿದ್ದ. ಅವನಾಗಿ ಚಹಾ ಮಾಡಿದನೆಂದರೆ ಏನೋ ಇದೆ ಎಂದೇ ಅರ್ಥ.

“ಉಮ್ಮರಬ್ಬಾಕ ಒಪ್ಪಿದ್ರು. ಅವರ ಹಳೇ ಲ್ಯಾನ್ಸರ್ ಕೊಡ್ತಾರಂತೆ ರ‍್ಯಾಲಿಗೆ.”

“ಅಯ್ಯೋ, ನನ್ನ ಹೆಲ್ಮೆಟ್ ಊರಲ್ಲೇ ಉಂಟಲ್ಲ ಮಾರಾಯ್ರೆ! ಇಲ್ಲಿ ಹೊಸತು ತೆಗೀಬೇಕಾ ಹಾಗಾದ್ರೆ?”

ಲತೇಶ್ ಲೋಟದೊಳಗೆ ನೋಡುತ್ತಾ ಹೇಳಿದ. “ಈ ಸಲ ಆನ್ಸೆಲ್ಮ್ ಕೂತ್ಕೊಳ್ತಾನೆ.”

ಆನ್ಸೆಲ್ಮ್ ಅದೇ ಗ್ಯಾರೇಜಿನ ಮೆಕ್ಯಾನಿಕ್. ಮಂಗಳೂರಿನ ಕುಲಶೇಖರದವನು, ಕಟ್ಟುಮಸ್ತು ಆಳು. ಜೀವಮಾನದಲ್ಲಿ ಒಂದು ರೋಡ್‌ಬುಕ್ ಬಿಡಿಸಿ ನೋಡಿದವನಲ್ಲ.

“ಅವನಿಗೆ ಎಂತ ಗೊತ್ತುಂಟು?”

“ಅಲ್ಲ, ಮರಳಲ್ಲಿ ಗಾಡಿ ಹೂತು ಹೋದ್ರೆ ಸಲಿಕೆ ಹಿಡಿದು ಅಗೀಬೇಕು. ಇಂಜಿನ್ ಕೈ ಕೊಟ್ರೆ ಅಲ್ಲೇ ರಿಪೇರಿ ಆಗ್ಬೇಕು. ನೀನು ಎಂತ ಮಾಡ್ತಿ ಅಲ್ಲಿ?”

ನ್ಯಾಯವಾದ ಮಾತು. ಅದಕ್ಕೇ ಹೆಚ್ಚು ಚುಚ್ಚಿತು. ಶರ್ಮಿಳಾ ತಣ್ಣಗಾದ ಚಹಾವನ್ನು ಸಿಂಕಿಗೆ ಚೆಲ್ಲಿದಳು. ಗಂಡ ಇನ್ನೊಬ್ಬಳ ಹಿಂದೆ ಹೋದರೆ ಅಮ್ಮನಿಗೆ ಫೋನ್ ಮಾಡಿ ಅಳಬಹುದು. ಕುಲಶೇಖರದ ಆನ್ಸೆಲ್ಮನ ವಿಷಯವನ್ನು ಯಾರ ಹತ್ತಿರ ಹೇಳಿಕೊಂಡು ಅಳುವುದು?

ಅಭ್ಯಾಸ ನಡೆದದ್ದು ಇವರ ಮನೆಯ ಊಟದ ಮೇಜಿನ ಮೇಲೆಯೇ. ಆನ್ಸೆಲ್ಮ್ ಕೆಲಸ ಮುಗಿಸಿ ಬರುತ್ತಿದ್ದ, “ಶರ್ಮಿಳಕ್ಕ, ಎಂತ ಘಮ ಬರ್ತಾ ಉಂಟು!” ಎಂದು ಅಡುಗೆಮನೆಗೆ ಇಣುಕುತ್ತಿದ್ದ. ಅವಳು ಬಂಗುಡೆ ಹುರಿದು ಹಾಕುತ್ತಿದ್ದಳು. ಅವನು ಒಳ್ಳೆಯವನು. ಅದೂ ಅವಳಿಗೆ ಸಿಟ್ಟು ತರಿಸುತ್ತಿತ್ತು. ಬಾಣಲೆಯ ಮುಂದೆ ನಿಂತಿದ್ದರೂ ಅವಳ ಕಿವಿಯೆಲ್ಲ ಮೇಜಿನ ಕಡೆಗೇ ಇರುತ್ತಿತ್ತು. ಅವನು ಅಂಕಿ ತಪ್ಪಾಗಿ ಓದಿದರೆ ಒಳಗೊಳಗೇ ಖುಷಿ, ಸರಿಯಾಗಿ ಓದಿದರೆ ಏನೋ ಕಳೆದುಕೊಂಡಂತೆ. ಒಂದು ದಿನ ಹೊರಗಿನಿಂದ ಆನ್ಸೆಲ್ಮನ ದಪ್ಪ ದನಿ ಕೇಳಿಸಿತು. “ದತ್ತ್... ಬಲತ್... ಅಪ್ಪೇ!”

ಇಬ್ಬರೂ ಗೊಳ್ಳೆಂದು ನಕ್ಕರು. ಶರ್ಮಿಳಾ ಸೌಟನ್ನು ಕೆಳಗಿಟ್ಟು ಒಲೆ ಆರಿಸಿದಳು. ಆ ಮಾತನ್ನು ಲತೇಶ್ ಅವನಿಗೆ ಕಲಿಸಿಬಿಟ್ಟಿದ್ದ. ಆ ದಿನ ಮೀನು ಒಂದು ಕಡೆ ಹಸಿಯೇ ಉಳಿಯಿತು.

ಮನೆಯಲ್ಲಿ ಕೂತು ಕಾಯುವುದು ತನ್ನಿಂದಾಗದು ಎಂದು ಅವಳು ಕ್ಲಬ್ಬಿಗೆ ಫೋನ್ ಮಾಡಿ ಸ್ವಯಂಸೇವಕಿಯಾಗಿ ಸೇರಿಕೊಂಡಳು. ಅಲ್ ಫಕಾ ಬಳಿ, ಕಾರುಗಳು ಬಂದ ಸಮಯ ದಾಖಲಿಸುವ ಟೈಮ್ ಕಂಟ್ರೋಲ್‌ನಲ್ಲಿ ಡ್ಯೂಟಿ ಬಿತ್ತು. ಅಲ್ಲಿನ ನಿಯಮ ಸರಳ. ಮೊದಲು ಒಂದು ಹಳದಿ ಬೋರ್ಡು, ಸ್ವಲ್ಪ ಮುಂದೆ ಮಾರ್ಷಲ್‌ಗಳ ಮೇಜು. ಪ್ರತಿ ಕಾರಿಗೂ ಅದರದೇ ನಿಮಿಷ. ಬೇಗ ಬಂದವರು ಹಳದಿ ಬೋರ್ಡಿನ ಆಚೆ ಕಾಯಬಹುದು. ಬೋರ್ಡು ದಾಟಿದರೆ ಬಂದಂತೆಯೇ ಲೆಕ್ಕ. ತಡವಾದರೆ ಸಣ್ಣ ದಂಡ, ಮೊದಲೇ ನುಗ್ಗಿದರೆ ದೊಡ್ಡ ದಂಡ. ಮಾರ್ಷಲ್ ಆದವರು ಕೈಸನ್ನೆ, ಬಾಯಿಸನ್ನೆ ಯಾವುದನ್ನೂ ಮಾಡುವ ಹಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಜಿನ ಬಳಿ ಅವಳ ಜೊತೆಗಿದ್ದವಳು ಆಮಿನ. ಉಳ್ಳಾಲದವಳು, ದುಬೈಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಕೆಲಸ. ಬಿಸಿಲೇರುತ್ತಿದ್ದಂತೆ ಒಂದೊಂದೇ ಕಾರು ಬಂದು, ಬೋರ್ಡಿನಾಚೆ ಗುರುಗುಟ್ಟುತ್ತಾ ನಿಂತು, ತನ್ನ ನಿಮಿಷಕ್ಕೆ ಒಳಗೆ ಬಂದು ಹೋಗುತ್ತಿತ್ತು. ಆಗ ಬಂತು ಲ್ಯಾನ್ಸರ್, ಮೈಯೆಲ್ಲ ಬಿಳಿ ಧೂಳು. ಲತೇಶ್ ಚೆನ್ನಾಗಿಯೇ ಓಡಿಸಿದ್ದ ಎಂದು ಶರ್ಮಿಳಾಗೆ ನೋಡಿದೊಡನೆ ತಿಳಿಯಿತು. ಎಲ್ಲೂ ಒಂದು ಗೀರಿರಲಿಲ್ಲ.

ಹಿಂದಿನ ಹಂತದಲ್ಲಿ ಧೂಳಿನಿಂದಾಗಿ ಎಲ್ಲರನ್ನೂ ಎರಡು ನಿಮಿಷ ತಡವಾಗಿ ಬಿಟ್ಟಿದ್ದರು. ಇಲ್ಲಿಗೆ ಬರುವ ನಿಮಿಷಕ್ಕೂ ಆ ಎರಡನ್ನು ಕೂಡಿಸಿಕೊಂಡು ಬೋರ್ಡಿನಾಚೆ ಕಾಯಬೇಕಿತ್ತು. ಆನ್ಸೆಲ್ಮ್ ಕೂಡಿಸಿರಲಿಲ್ಲ. ಅವನು ಗಡಿಯಾರ ನೋಡಿ, “ಹೋಗುವ, ಹೋಗುವ!” ಎಂದು ಕೈ ಬೀಸಿದ್ದು ಮೇಜಿಗೇ ಕಾಣಿಸಿತು. ಲತೇಶನಿಗೆ ಏನೋ ಅನುಮಾನ. ಅವನು ಆನ್ಸೆಲ್ಮನನ್ನು ನೋಡಲಿಲ್ಲ. ಗಾಜಿನಿಂದ ನೇರವಾಗಿ ಹೆಂಡತಿಯ ಮುಖ ನೋಡಿದ.

ಹುಬ್ಬು ಸ್ವಲ್ಪ ಗಂಟಿಕ್ಕಿದ್ದರೆ ಸಾಕಿತ್ತು. ಅಷ್ಟನ್ನು ಯಾವ ನಿಯಮವೂ ಹಿಡಿಯಲಾರದು. ಶರ್ಮಿಳಾ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡಳು. ಲ್ಯಾನ್ಸರ್ ಹಳದಿ ಬೋರ್ಡು ದಾಟಿತು.

ಆನ್ಸೆಲ್ಮ್ ಕಾರ್ಡು ಚಾಚಿದ. ಅವಳು ಸಮಯ ಬರೆದು ಸಹಿ ಹಾಕಿದಳು.

“ಸರಿ ಉಂಟಲ್ಲ ಶರ್ಮಿಳಕ್ಕ?”

“ಹೊರಡಿ. ಹಿಂದೆ ಬೇರೆ ಗಾಡಿ ಉಂಟು.”

ಕಾರು ಹೋದ ಮೇಲೆ ಆಮಿನ ಮೆಲ್ಲಗೆ ಕೇಳಿದಳು. “ಅವರು ನಿಮ್ಮ ಯಜಮಾನ್ರಲ್ವಾ?”

“ಹೌದು,” ಎಂದಳು ಶರ್ಮಿಳಾ. ಮುಂದಿನ ಕಾರಿನ ಕಾರ್ಡಿಗೆ ಕೈ ಚಾಚಿದಳು.

ಶನಿವಾರ ಸಂಜೆ ಸ್ವೈಹಾನ್‌ನಲ್ಲಿ ಫಲಿತಾಂಶ ಹಚ್ಚಿದರು. ಆ ದಂಡವಿಲ್ಲದಿದ್ದರೆ ಲ್ಯಾನ್ಸರ್ ತನ್ನ ವರ್ಗದಲ್ಲಿ ಎರಡನೆಯದು. ಈಗ ನಾಲ್ಕನೆಯದು, ಕಪ್ಪಿಲ್ಲ. ಆನ್ಸೆಲ್ಮ್ ಅವಳ ಹತ್ತಿರವೇ ಬಂದು, “ನನ್ನಿಂದಲೇ ಹಾಳಾಯ್ತು ಅಕ್ಕ. ನೀವು ಕೂತಿದ್ರೆ ಹೀಗೆ ಆಗ್ತಿರ್ಲಿಲ್ಲ,” ಎಂದ. ಇಷ್ಟು ದಿನ ಅವಳು ಕೇಳಬೇಕೆಂದುಕೊಂಡಿದ್ದ ಮಾತೇ ಅದು. ಕೇಳಿದಾಗ ಬಾಯಿ ಕಹಿಯಾಯಿತು. ಅವನ ಕಣ್ಣಲ್ಲಿ ನೀರಿತ್ತು.

ವಾಪಸು ಬರುವಾಗ ಕಾರಿನಲ್ಲಿ ಗಂಡಹೆಂಡತಿ ಇಬ್ಬರೇ. ಮಾತನ್ನು ಅವಳೇ ಶುರುಮಾಡಿದಳು.

“ನನಗೆ ಗೊತ್ತಿತ್ತು. ನೀವು ಬೋರ್ಡು ದಾಟುವ ಮೊದಲೇ.”

“ಮಾರ್ಷಲ್ ಹೇಳ್ಬಾರ್ದಲ್ಲ. ನಿಯಮ ಅಂದ್ರೆ ನಿಯಮ.”

“ನಿಯಮ ಇಲ್ಲದಿದ್ರೂ ಹೇಳ್ತಿರ್ಲಿಲ್ಲ. ಹೊಟ್ಟೆ ಉರೀತಿತ್ತು ನನಗೆ. ನನ್ನ ಅಪ್ಪೇಯನ್ನೂ ಅವನಿಗೆ ಕೊಟ್ರಿ ನೀವು.”

ಲತೇಶ್ ಗಾಡಿಯನ್ನು ಪೆಟ್ರೋಲ್ ಬಂಕಿನ ಬದಿಗೆ ತಂದು ನಿಲ್ಲಿಸಿದ. ಬೈಯುತ್ತಾನೆಂದು ಅವಳು ಕಾದಳು.

“ಸಲಿಕೆ, ಮರಳು ಎಲ್ಲ ಸುಳ್ಳು,” ಎಂದ ಅವನು. “ಊರಲ್ಲಿ ಎಂತ ಹೇಳ್ತಿದ್ರು ಗೊತ್ತುಂಟಾ? ಗಾಡಿ ಲತೇಶಂದು, ಗೆಲ್ಲುವುದು ಶರ್ಮಿಳಾ ಅಂತ. ಕಪ್ ತೆಗೊಳ್ಳುವಾಗ ಫೋಟೋದವ ನಿನ್ನನ್ನೇ ಮುಂದೆ ಕರೀತಿದ್ದ. ಒಂದು ಸಲ ನೀನಿಲ್ಲದೆ ಗೆದ್ದು ನೋಡ್ಬೇಕು ಅಂತ ಇತ್ತು ನನಗೆ.”

“ಇಷ್ಟು ವರ್ಷ?”

“ಇಷ್ಟು ವರ್ಷ.”

ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ತನ್ನೊಬ್ಬಳದೇ ಎಂದುಕೊಂಡಿದ್ದ ಬೆಂಕಿ ಪಕ್ಕದ ಸೀಟಿನಲ್ಲಿ ತನಗಿಂತ ಮೊದಲಿನಿಂದ ಉರಿಯುತ್ತಿತ್ತು. ಆ ವಾರ ಇಬ್ಬರೂ ಮನೆಯಲ್ಲಿ ಅತಿಥಿಗಳ ಹಾಗೆ ಓಡಾಡಿದರು. ಮುಂದಿನ ಶುಕ್ರವಾರ ಶರ್ಮಿಳಾ ತಾನೇ ಆನ್ಸೆಲ್ಮನನ್ನು ಊಟಕ್ಕೆ ಕರೆದು, ತಾನು ನೋಡಿಯೂ ಸುಮ್ಮನಿದ್ದುದನ್ನು ಹೇಳಿದಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಹಾಗಾದ್ರೆ ಲೆಕ್ಕ ಹಾಕುವುದು ನೀವೇ ಕಲಿಸ್ಬೇಕು ಅಕ್ಕ,” ಎಂದ. ಅವಳು ಕಲಿಸಿದಳು. ಕಲಿಸುವಾಗಲೂ ಹೊಟ್ಟೆ ಉರಿಯಿತು.

ಮುಂದಿನ ವರ್ಷ ಆಮಿನ ಫೋನ್ ಮಾಡಿದಳು. ತಾನೊಂದು ಗಾಡಿ ಹೊಂದಿಸಿಕೊಂಡಿದ್ದೇನೆ, ಪಕ್ಕದಲ್ಲಿ ಕೂರುತ್ತೀರಾ ಎಂದು. ಶರ್ಮಿಳಾ ಒಪ್ಪಿದಳು. ಉಪ್ಪುನೆಲದಲ್ಲಿ ಗಾಡಿ ಹೂತಾಗ ಇಬ್ಬರೂ ಸೇರಿ ಸಲಿಕೆ ಹಿಡಿದು ಅಗೆದು, ಕೊನೆಯವರಲ್ಲಿ ಒಬ್ಬರಾಗಿ ಮುಗಿಸಿದರು. ಆದರೂ ಮುಗಿಸಿದರು. ಆಮೇಲೆ ಶರ್ಮಿಳಾ ಆಮಿನಳನ್ನು ಬಿಡಲಿಲ್ಲ, ಲತೇಶ್ ಆನ್ಸೆಲ್ಮನನ್ನು ಬಿಡಲಿಲ್ಲ. ಗಂಡಹೆಂಡಿರು ಒಂದೇ ರ‍್ಯಾಲಿ ಕಾರಿನಲ್ಲಿ ಮತ್ತೆ ಕೂರಲೇ ಇಲ್ಲ.

೨೦೧೭ರಲ್ಲಿ ಲತೇಶ್ ಮತ್ತು ಆನ್ಸೆಲ್ಮ್ ತಮ್ಮ ವರ್ಗದಲ್ಲಿ ಮೊದಲಿಗರಾದರು. ಶರ್ಮಿಳಾ ಎದುರು ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು, ಫೋಟೋ ಕೂಡ ಅವಳೇ ತೆಗೆದಳು. ಮನೆಗೆ ಹೊರಟಾಗ ಲತೇಶ್ ಕಪ್ಪನ್ನು ಹಿಂದಿನ ಸೀಟಿನಲ್ಲಿಟ್ಟು ಕೇಳಿದ.

“ಉರಿಯಿತಾ?”

“ಉರಿಯಿತು. ಚಪ್ಪಾಳೆ ಹೊಡೀತಾ ಇದ್ದೆ, ಒಳಗೆ ಧಗಧಗ.”

“ನನಗೂ ಹಾಗೇ ಆದದ್ದು. ಹೋದ ವರ್ಷ ರ‍್ಯಾಲಿ ಮುಗಿದ ಮೇಲೆ ಆಮಿನ ನಿನ್ನನ್ನು ತಬ್ಬಿ ಕುಣಿದಾಗ.”

ಅವಳು ಸೀಟ್ ಬೆಲ್ಟ್ ಹಾಕಿಕೊಂಡಳು. “ಹಸಿವಾಗ್ತಾ ಉಂಟು. ಯಲ್ಲಾ, ಬೇಗ ಹೊರಡಿ, ಕರಾಮಾಕ್ಕೆ ಹೋಗಿ ನೀರುದೋಸೆ ತಿನ್ನುವ.”

“ದಾರಿ ಹೇಳ್ತಿಯಾ?”

“ಎಂತದು ಮಾರಾಯ್ರೆ, ಅಲ್ಲಿ ಬೋರ್ಡು ಉಂಟಲ್ಲ, ನೋಡಿ ಓಡಿಸಿ,” ಎಂದು ಕಿಟಕಿ ಇಳಿಸಿದಳು.