ಸೀನ ನುಂಗಿದ ಗೂಡುಗಳು

“ಅಮ್ಮಾ, ಗಂಗರತ್ನಮ್ಮಜ್ಜಿ ಯಾಕೆ ನಾಯಿ ಹಿಂದೇನೇ ಹೋಗ್ತಿದ್ದಾರೆ?” ಎಂದು ಮಗಳು ಬೆಳಿಗ್ಗೆ ಕೇಳಿದಳು.

ಪಕ್ಕದ ಮನೆಯ ಗಂಗರತ್ನಮ್ಮ ಹೋಳೂರಿಗೆ ಸೊಸೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕುತ್ತಿದ್ದಾರೆ. ಗೂಡು ಬಲಿತಿದೆಯೇ ಎಂದು ನೋಡಲು ಒಂದೆರಡನ್ನು ಕತ್ತರಿಸಿ, ಒಳಗಿನ ಹುಳುವನ್ನು ನಾಯಿ ಸೀನನಿಗೆ ಹಾಕುವುದು ಅವರ ರೂಢಿ. ಆ ರುಚಿ ಹತ್ತಿದ ಸೀನ ನಿನ್ನೆ ಅಂಗಳದಲ್ಲಿಟ್ಟಿದ್ದ, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೇ ಬಾಯಿ ಹಾಕಿ, ಒಂದು ಹಿಡಿ ಗೂಡುಗಳನ್ನು ನೂಲಿನ ಸಮೇತ ನುಂಗಿದ. ನೂಲು ಕರುಳಿಗೆ ಸುತ್ತಿಕೊಂಡರೆ ಕಷ್ಟ, ಮಲದಲ್ಲಿ ಹೊರಗೆ ಬರುತ್ತದಾ ನೋಡುತ್ತಿರಿ ಎಂದರಂತೆ ಪಶುವೈದ್ಯರು. ಗಂಗರತ್ನಮ್ಮ ಊಟವನ್ನೇ ಮಾಡಿರಲಿಲ್ಲ.

ನಾನೂ ಜೊತೆಗೆ ಹೋದೆ. ಬೇಲಿಯ ಬಳಿ ಸೀನ ಕೂತೆದ್ದ ಮೇಲೆ ಅವರು ಕಡ್ಡಿ ಹಿಡಿದು ಬಗ್ಗಿದರು.

“ಬಂತು ಕಣೇ ರಂಜಿತಾ! ಗೂಡು ಗೂಡೇ ಬಂದೈತೆ!” ಎಂದವರು, “ಲೇ ಹೊಟ್ಟೆಬಾಕಾ, ನನ್ನ ಪ್ರಾಣಾನೇ ತೆಗೆದ್ಯಲ್ಲೋ!” ಎಂದು ಬೈಯುತ್ತಲೇ ಅವನ ತಲೆ ಸವರಿ ಅತ್ತುಬಿಟ್ಟರು.

ಮಧ್ಯಾಹ್ನ ವೈದ್ಯರು ಬಂದು, ಹೊಟ್ಟೆ ಒತ್ತಿ ನೋಡಿ, ಇನ್ನು ಭಯವಿಲ್ಲ ಎಂದರು. ಅವರು ಅತ್ತ ಹೋಗುತ್ತಲೇ ಗಂಗರತ್ನಮ್ಮ ಸೀನನ ಹಗ್ಗ ಹಿಡಿದು ನಮ್ಮ ಬಾಗಿಲಿಗೆ ಬಂದರು.

“ಗೂಡು ಬಿಡಿಸೋಗಂಟ ಇವನ್ನ ನಿಮ್ಮನೇಲಿ ಕಟ್ಟಾಕ್ಕೊಳ್ಳಮ್ಮಾ. ಎದುರಿಗೆ ಬಂದು ಬಾಲ ಆಡಿಸಿದ್ರೆ, ಹುಳ ಹಾಕದೆ ಇರಕ್ಕಾಗಲ್ಲ ನನ್ ಕೈಲಿ.”