ಎಸೆಯಬಾರದ ಚೆಂಡು, ನಮ್ಮದೇ ತಂಡ

ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ! ಮಸ್ಕತ್‌ನ ಸೀಬ್ ಮೈದಾನದಲ್ಲಿ ಮೊದಲ ಸಂಜೆ ನಾನು ಎಸೆದೆ, ಸೀಟಿ ಊದಿದರು. ಮತ್ತೆ ಎಸೆದೆ, ಮತ್ತೆ ಸೀಟಿ. ಪುತ್ತೂರಿನ ಕಾಲೇಜಿಗೆ ಥ್ರೋಬಾಲ್ ಆಡಿದ ಕೈಗಳಿವು. ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಆಟ ಗೇಲಿಕ್ ಫುಟ್‌ಬಾಲ್, ಐರ್ಲೆಂಡಿನವರದು. ಎಣ್ಣೆಯ ಬೆಲೆ ಕುಸಿದು ಕಂಪನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದ ಕಾಲ. ಅಲ್ ಖುವೈರ್‌ನ ನಮ್ಮ ಆಫೀಸಿನಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾದಂತೆ ಇಲ್ಲಿನ ಐರಿಷ್ ಕ್ಲಬ್ಬಿನ ಹೆಂಗಸರ ಎರಡನೇ ತಂಡವೂ ಬರಿದಾಯಿತು. ಉಳಿದವಳು ಮೇವ್ ಎಂಬ ಟೀಚರ್ ಒಬ್ಬಳೇ. ಅವಳು ಕೈಗೆ ಸಿಕ್ಕವರನ್ನೆಲ್ಲ ಕರೆದಳು: ನನ್ನನ್ನು, ಧಾರವಾಡದ ಶೋಭಕ್ಕನನ್ನು, ಫಿಲಿಪೀನಿ ನರ್ಸುಗಳನ್ನು, ಒಮಾನಿ ಹುಡುಗಿಯರನ್ನು. ಊರಲ್ಲಾದರೆ ಸಂಜೆ ಪಕ್ಕದ ಮನೆಗೆ ನಡೆದು ಹೋಗಿ ಹರಟಬಹುದಿತ್ತು; ಇಲ್ಲಿ ಕಾರಿಲ್ಲದವಳಿಗೆ ನಾಲ್ಕು ಗೋಡೆಯೇ ಗತಿ. ಸುಳ್ಳೇಕೆ, ಬೇಸರ ತಾಳಲಾರದೆ ಹೋದೆ.

ಕೊಲ್ಲಿ ದೇಶಗಳ ಪಂದ್ಯಾವಳಿ ಹತ್ತಿರವಾದಾಗ ಮೊದಲ ತಂಡದ ನಾಯಕಿ ಬಂದು, "ಎರಡನೇ ತಂಡ ಮುಚ್ಚೋಣ. ನಿಮ್ಮನ್ನು ಬದಲಿ ಆಟಗಾರರಾಗಿ ಇಟ್ಟುಕೊಳ್ಳುತ್ತೇವೆ" ಎಂದಳು. ನನಗೆ ಮೈ ಉರಿಯಿತು. ಶೋಭಕ್ಕ ಕನ್ನಡದಲ್ಲೇ ಸಿಡಿದರು: "ಯಾಕವಾ, ನಾವೇನು ನೀರಿನ ಬಾಟ್ಲಿ ಹೊರಾಕ ಬಂದೇವೇನ? ಆಡಿ ತೋರಸ್ತೇವಿ, ಬರ್ರಿ!" ಅದನ್ನೇ ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಾವು ಅವರನ್ನು ಸೋಲಿಸಿದರೆ ತಂಡ ಉಳಿಯುತ್ತದೆ ಎಂದು ಮಾತಾಯಿತು.

ಐರಿಷರು ಚೆಂಡು ಹಿಡಿದು ಓಡುತ್ತಾರೆ. ನಮಗೆ ಅಂಥ ಕಾಲುಗಳಿಲ್ಲ. ಆದರೆ ಥ್ರೋಬಾಲ್‌ನಲ್ಲಿ ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಬಿಡಲೇಬೇಕು.

"ಓಡುವುದೇ ಬೇಡ ಮಾರಾಯ್ರೆ" ಎಂದೆ. "ಹಿಡಿಯುವುದು, ಮೂರು ಎಣಿಸುವುದರೊಳಗೆ ಇನ್ನೊಬ್ಬಳತ್ತ ಗುದ್ದುವುದು."

ಎರಡು ವಾರ ಅದನ್ನೇ ಮಾಡಿದೆವು. ನರ್ಸುಗಳೂ ಒಮಾನಿ ಹುಡುಗಿಯರೂ "ಒಂದು, ಎರಡು" ಎಂದು ಕನ್ನಡದಲ್ಲಿ ಎಣಿಸಿದರು, ಮೂರಕ್ಕೆ ಎಲ್ಲರದೂ ಅರಬ್ಬಿಯಲ್ಲಿ "ಯಲ್ಲಾ!", ಅಂದರೆ ನಡೀರಿ.

ಪಂದ್ಯದ ದಿನ ಎದುರಾಳಿಗಳು ನಮ್ಮತ್ತ ಓಡಿ ಬರುವಷ್ಟರಲ್ಲಿ ಚೆಂಡು ಬೇರೆಯವಳ ಕೈಯಲ್ಲಿರುತ್ತಿತ್ತು. ಒಂದೇ ಪಾಯಿಂಟಿನಿಂದ ಗೆದ್ದೆವು. ಈಗ ಮೊದಲ ತಂಡದವರೂ ಹಾಗೆಯೇ ಆಡುತ್ತಾರೆ, ಕಲಿಸಿದವರು ಯಾರೆಂದು ಮಾತ್ರ ಹೇಳುವುದಿಲ್ಲ.

ಮಾತಿಗೆ ತಪ್ಪದೆ ನಾಯಕಿಯೇ ಪಂದ್ಯಾವಳಿಯ ಫಾರ್ಮು ತಂದಳು. ಅದರಲ್ಲಿ 'ಕೌಂಟಿ' ಎಂಬ ಕಾಲಂ. ಕೌಂಟಿಯೆಂದರೆ ಅವರ ಜಿಲ್ಲೆ. ಐರಿಷರು ಪರಸ್ಪರ ಮೊದಲು ಕೇಳಿಕೊಳ್ಳುವುದೇ ಅದನ್ನು. "ಅದು ನಿಮಗಲ್ಲ, ಖಾಲಿ ಬಿಡಿ" ಎಂದಳು. ನಾನು ಬಿಡಲಿಲ್ಲ. ದಪ್ಪ ಅಕ್ಷರದಲ್ಲಿ 'ದಕ್ಷಿಣ ಕನ್ನಡ' ಎಂದು ಬರೆದೆ. ಶೋಭಕ್ಕ ಪೆನ್ನು ಕಸಿದುಕೊಂಡು 'ಧಾರವಾಡ' ಎಂದು ಬರೆದು ಹಿಂದಿರುಗಿಸಿದರು.

ಕೆಳಗಿನ ಸಾಲು, ಯಾವ ಊರಿನ ಪರವಾಗಿ ಆಡುತ್ತೀರಿ ಎಂಬುದು. ಕೈ ತಡೆಯದೆ 'ಮಸ್ಕತ್' ಎಂದು ಬರೆಯಿತು. ಬರೆದ ಮೇಲೆ 'ದಕ್ಷಿಣ ಕನ್ನಡ', 'ಮಸ್ಕತ್' ಎರಡನ್ನೂ ನೋಡುತ್ತಾ ಕುಳಿತೆ. ಯಾವುದನ್ನೂ ಹೊಡೆದುಹಾಕಲು ಮನಸ್ಸಾಗಲಿಲ್ಲ.