ಗ್ರೀಸ್ ಹಚ್ಚಿದ ಗ್ರಾಫಿಕ್ಸ್ ಕಾರ್ಡ್

ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ ತಪ್ಪು ಮಾಡಿದ್ದು ನಾನು, ಅದನ್ನು ಹೊತ್ತುಕೊಂಡದ್ದು ಅಪ್ಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನನ್ನ ಪರವಾಗಿ ನಾನೇ ವಕಾಲತ್ತು ಶುರು ಮಾಡಿಬಿಡುತ್ತೇನೆ, ಅಷ್ಟು ಚೆನ್ನಾಗಿ ನನ್ನ ಬುದ್ಧಿ ನನಗೆ ಗೊತ್ತು.

ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ಅಪ್ಪನದು ಲಾರಿ ವಯರಿಂಗ್ ಮಾಡುವ ಅಂಗಡಿ. ಅದಿರಿನ ಲಾರಿಗಳು ಸಾಲುಗಟ್ಟಿ ಬಂದರಿನ ಕಡೆ ಹೋಗುತ್ತಿದ್ದ ವರ್ಷಗಳವು. ಹಾರನ್ನು, ಹೆಡ್‌ಲೈಟು, ಡೈನಮೋ, ಏನು ಕೆಟ್ಟರೂ ಘಟ್ಟ ಇಳಿಯುವ ಮೊದಲು ಡ್ರೈವರುಗಳು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಸಿರ್ಸಿಯ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡಿಕೊಂಡಿದ್ದೆ. ನನ್ನದೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕೆಂಬ ಹುಚ್ಚು ಅಲ್ಲೇ ಹತ್ತಿದ್ದು. ಒಂದೊಂದು ತಿಂಗಳಿಗೆ ಒಂದೊಂದು ಭಾಗ ಕೊಂಡು ತಂದು ಅಪ್ಪನ ಅಂಗಡಿಯ ಒಳಕೋಣೆಯಲ್ಲಿ ಜೋಡಿಸುತ್ತ ಬಂದೆ. ಕೊನೆಗೆ ಉಳಿದದ್ದು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್.

ಅದಕ್ಕಾಗಿ ಹುಬ್ಬಳ್ಳಿಗೆ ಹೋದೆ. ಅಂಗಡಿಯವ ಎರಡು ಕಾರ್ಡ್ ಮುಂದಿಟ್ಟ. ಒಂದು ಚಿಕ್ಕದು, ನೋಡಲು ಬಡಪಾಯಿ. ಇನ್ನೊಂದು ಮೊಳದುದ್ದ, ಮೇಲೆ ಕೆಂಪು ಫ್ಯಾನು, ಡಬ್ಬಿಯ ಮೇಲೆ ಬೆಂಕಿ ಕಾರುವ ಡ್ರ್ಯಾಗನ್ನು.

"ದೊಡ್ಡದು ಕರೆಂಟ್ ಭಾಳ ಎಳಿತೈತ್ರಿ. ನಿಮ್ಮ ಪವರ್ ಸಪ್ಲೈ ದೊಡ್ಡದು ಐತಿಲ್ಲೋ? ಇಲ್ಲಂದ್ರ ಸಣ್ಣದು ತಗೋರಿ," ಎಂದ.

ಕಂಪ್ಯೂಟರಿಗೆಲ್ಲ ಕರೆಂಟ್ ಹಂಚುವ ನನ್ನ ಪವರ್ ಸಪ್ಲೈ ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಮಾಲು. ಆದರೂ "ಐತ್ರಿ" ಅಂದುಬಿಟ್ಟೆ. ಡ್ರ್ಯಾಗನ್ ನೋಡಿದ ಮೇಲೆ ಆ ಬಡಪಾಯಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬರುವ ಮನಸ್ಸು ಯಾರಿಗಿದೆ?

ಮಧ್ಯಾಹ್ನ ಯಲ್ಲಾಪುರ ತಲುಪಿ, ಕಾರ್ಡನ್ನು ಅಪ್ಪನ ಬೆಂಚಿನ ಮೇಲಿಟ್ಟು ಊಟಕ್ಕೆ ಹೋದೆ. ಬಂದವನೇ ಕಾರ್ಡನ್ನು ಕೂರಿಸಿ, ವಯರು ಸಿಕ್ಕಿಸಿ, ಗುಂಡಿ ಒತ್ತಿದೆ. ಕೆಂಪು ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅದೇ ಕಥೆ. ಪರದೆ ಮಾತ್ರ ಕಪ್ಪಗೆ ಕೂತಿತ್ತು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಲೋಡು ಜಾಸ್ತಿ ಆಯ್ತಾ ಎಂತದೋ..." ಎಂದು ಶುರು ಮಾಡಿದರು. "ಇದು ಲಾರಿ ಅಲ್ಲ ಅಪ್ಪ," ಎಂದು ನಾನು ಬಾಯಿ ಮುಚ್ಚಿಸಿದೆ.

ಕಾರ್ಡನ್ನು ಹೊರಗೆ ತೆಗೆದೆ. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಉದ್ದಕ್ಕೂ ತೆಳ್ಳಗೆ ಗ್ರೀಸ್.

"ನಾನೇ ಹಚ್ಚಿದ್ದು ಮಾರಾಯ," ಎಂದರು ಅಪ್ಪ. "ನಮ್ಮ ಮಳೆಗೆ ಹಸಿರು ಕಿಲುಬು ಹಿಡೀತದೆ. ಬ್ಯಾಟರಿ ಟರ್ಮಿನಲ್ಲಿಗೆ ಹಚ್ಚೂದಿಲ್ವಾ, ಹಾಗೆ."

ಲಾರಿಯ ಬ್ಯಾಟರಿ ಕೂರಿಸಿದ ಮೇಲೆ ಟರ್ಮಿನಲ್ಲಿಗೆ ಬೆರಳಿನಿಂದ ಗ್ರೀಸ್ ಸವರದೆ ಅಪ್ಪ ಯಾವ ಗಾಡಿಯನ್ನೂ ಬಿಟ್ಟುಕೊಟ್ಟವರಲ್ಲ. ನನ್ನ ಕಾರ್ಡಿಗೂ ಅದೇ ಮರ್ಯಾದೆ ಮಾಡಿದ್ದರು. ಇದು ನನಗೆ ಈಗ ಅರ್ಥವಾಗುತ್ತದೆ. ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಹೊರಗೆ ಬೆಂಚಿನ ಮೇಲೆ ಇಬ್ಬರು ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಅವರಿಗೂ ಕೇಳಿಸುವ ಹಾಗೆ ನಾಲಿಗೆ ಹರಿಬಿಟ್ಟೆ. ಗೊತ್ತಿಲ್ಲದ್ದನ್ನು ಮುಟ್ಟಲು ನಿಮಗೆ ಯಾರು ಹೇಳಿದರು, ವರ್ಷದ ದುಡಿಮೆ ಹಾಳು ಮಾಡಿದಿರಿ, ಇದು ನಿಮ್ಮ ಗುಜರಿ ಕೆಲಸವಲ್ಲ, ಎಂದೆಲ್ಲ ಅಂದೆ. ಅಪ್ಪ ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡು, ಬಟ್ಟೆಯಿಂದ ಒರೆಸಿಕೊಂಡು ಹೊರಗೆ ಹೋದರು.

ಮಾರನೇ ದಿನ ಕಂಪ್ಯೂಟರನ್ನು ಬಸ್ಸಿನಲ್ಲಿ ಸಿರ್ಸಿಗೆ ಹೊತ್ತೊಯ್ದು ರಿಪೇರಿ ಮಾಡುವ ಗೆಳೆಯನೆದುರು ಇಟ್ಟೆ. ಅವನು ಕಾರ್ಡನ್ನು ಮುಟ್ಟಲೂ ಇಲ್ಲ. ಒಳಗೆ ಇಣುಕಿ ನೋಡಿ, ತನ್ನಲ್ಲಿದ್ದ ದೊಡ್ಡ ಪವರ್ ಸಪ್ಲೈ ಸಿಕ್ಕಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಗ್ರೀಸ್ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು.

"ಎಂತಾ ಮಾರಾಯ, ಇಷ್ಟು ದೊಡ್ಡ ಕಾರ್ಡಿಗೆ ಈ ಡಬ್ಬಾ ಸಪ್ಲೈ ಸಾಕಾಗ್ತದಾ? ನೀ ವಯರಿಂಗ್ ಅಂಗಡಿ ಮಗ ಹೌದೋ ಅಲ್ವೋ?" ಎಂದು ಗೆಳೆಯ ನಕ್ಕ. ನನಗೆ ನಾಚಿಕೆಯಾಯಿತು. ಅಪ್ಪ ಅರ್ಧ ವಾಕ್ಯದಲ್ಲಿ ಹಿಡಿದಿದ್ದ ದೋಷ ಅದೇ ಆಗಿತ್ತು.

ಹೇಳಿಬಿಡಬೇಕೆಂದೇ ಊರಿಗೆ ಮರಳಿದೆ. ಅಂಗಡಿಯ ಮುಂದೆ ಹೊಸ ಮಾದರಿಯ ಲಾರಿಯೊಂದು ನಿಂತಿತ್ತು. ಎಂಜಿನ್ನಿನ ಪಕ್ಕ ಕಂಪ್ಯೂಟರಿನಂಥದೇ ಒಂದು ಕಪ್ಪು ಡಬ್ಬಿ ಇರುವ ಲಾರಿಗಳು ಆಗಷ್ಟೇ ಬರತೊಡಗಿದ್ದವು. ಆ ಡಬ್ಬಿ ಬಿಚ್ಚಿ ನೋಡಿ ಎಂದು ಡ್ರೈವರ್ ಗೋಗರೆಯುತ್ತಿದ್ದ.

"ಅದು ನನ್ನ ಕೈಗೆ ಬೇಡ. ಮೊನ್ನೆ ಮಗನ ಸಾಮಾನು ಹಾಳು ಮಾಡಿದ ಕೈ ಇದು. ಹುಬ್ಬಳ್ಳಿಗೆ ತಗೊಂಡು ಹೋಗು," ಎಂದರು ಅಪ್ಪ. ಆಮೇಲೆ ನನ್ನನ್ನು ಕಂಡು, ತಪ್ಪು ಮಾಡಿದವರ ದನಿಯಲ್ಲಿ ಕೇಳಿದರು: "ಸರಿ ಆಯ್ತಾ?"

"ಆಯ್ತು. ಗ್ರೀಸ್ ಒರೆಸಿದ್ರು," ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅಪ್ಪನ ಮುಖದಲ್ಲಿ ಒಂದಿಷ್ಟು ಸಮಾಧಾನ ಕಾಣಿಸಿತು. "ಪುಣ್ಯ, ಅಷ್ಟಕ್ಕೇ ಹೋಯ್ತಲ್ಲ," ಎಂದರು. ಆ ಲಾರಿ ಹುಬ್ಬಳ್ಳಿಗೆ ಹೋಯಿತು. ಅದರ ನಂತರ ಬಂದ ಅಂಥ ಲಾರಿಗಳನ್ನೆಲ್ಲ ಅವರು ಹಾಗೇ ಕಳಿಸಿದರು. ಹಳೆಯ ಲಾರಿಗಳು ಕಡಿಮೆಯಾಗುತ್ತ ಬಂದವು, ಕಡೆಗೊಂದು ದಿನ ಕಣ್ಣು ಮಂಜಾಯಿತೆಂದು ಹೇಳಿ ಅಂಗಡಿ ಮುಚ್ಚಿದರು. ಡ್ರ್ಯಾಗನ್ ಕಾರ್ಡಿನಲ್ಲಿ ನಾನು ಎರಡು ವರ್ಷ ಆಟ ಆಡಿದೆ.

ನಿಜ ಹೇಳಿದ್ದು ಅಂಗಡಿ ಮುಚ್ಚಿ ಎಷ್ಟೋ ಕಾಲದ ಮೇಲೆ, ಅಪ್ಪ ಜಗಲಿಯಲ್ಲಿ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದಾಗ. ಬೈಯಲಿ ಎಂದುಕೊಂಡಿದ್ದೆ, ಬೈಯಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಆವತ್ತೇ ಹೇಳಿದ್ರೆ ಆ ಲಾರಿ ಡಬ್ಬಿ ಬಿಚ್ಚಿ ನೋಡ್ತಿದ್ದೆ ನಾನು."